ಎರಡನೇ ಭಾನುವಾರಕ್ಕೆ ಯಾರು ಬರ್ತೀರಿ?

ನಮ್ಮ ಭಾನುವಾರದ ಕ್ಲಿನಿಕ್‌ಗೆ ಸ್ವಯಂಸೇವಕರು ಬೇಕು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಸಂಜೆಯೊಳಗೆ ಹೆಸರುಗಳ ಸಾಲೇ ಬರುತ್ತದೆ. ಎಂಬಿಬಿಎಸ್‌ನವರು, ನರ್ಸಿಂಗ್‌ನವರು, ಫಾರ್ಮಸಿಯವರು. ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಬೀಪಿ ನೋಡೋಕೆ ಸಿಗುತ್ತಾ?" ಸಿಗುತ್ತದೆ. ಆದರೆ ನನಗೆ ಜಾಸ್ತಿ ಬೇಕಾಗಿರುವವರು ಬೇರೆ. ಹೋದ ವಾರ ಬೀಪಿ ನೋಡಿಸಿಕೊಂಡು ಹೋದ ಮನುಷ್ಯ ಈ ವಾರ ಯಾಕೆ ಬರಲಿಲ್ಲ ಅಂತ ವಿಚಾರಿಸುವವರು. ಅದಕ್ಕೆ ಯಾರೂ ಕೈ ಎತ್ತುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ವಿದ್ಯಾರ್ಥಿಗಳು ನಡೆಸುವ ಕ್ಲಿನಿಕ್ ಅಂದ ಕೂಡಲೇ ಕೆಲವರು ಹುಬ್ಬೇರಿಸುತ್ತಾರೆ. ಕಲಿಯುವ ಹುಡುಗರು ಬಡವರ ಮೇಲೆ ಪ್ರಯೋಗ ಮಾಡ್ತಾರಾ ಅಂತ. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಇಷ್ಟು: ನೋಂದಾಯಿತ ವೈದ್ಯರು ಕುರ್ಚಿಯಲ್ಲಿ ಕೂತಿಲ್ಲ ಅಂದರೆ ಅವತ್ತು ಯಾರಿಗೂ ಚೀಟಿ ಬರೆಯುವಂತಿಲ್ಲ. ವಿದ್ಯಾರ್ಥಿ ಔಷಧಿ ಬರೆಯುವಂತಿಲ್ಲ. ಇಂಟರ್ನ್‌ಗಳಿಗೂ ಇರುವುದು ತಾತ್ಕಾಲಿಕ ನೋಂದಣಿ ಮಾತ್ರ. ಅವರೂ ಹಿರಿಯರ ಕೈಕೆಳಗೇ ಕೆಲಸ ಮಾಡಬೇಕು. ವೈದ್ಯರು ಬರುವುದು ಖಚಿತವಾಗದೆ ನಾನು ಯಾವ ಭಾನುವಾರವೂ ಬಾಗಿಲು ತೆಗೆಸುವುದಿಲ್ಲ. ಅಮೆರಿಕದಲ್ಲಿ ಇಂಥ ಕ್ಲಿನಿಕ್‌ಗಳು ದಶಕಗಳಿಂದ ನಡೆಯುತ್ತಿವೆ. 2014ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಅಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಕಾಲೇಜುಗಳಿಗೆ ಕನಿಷ್ಠ ಒಂದಾದರೂ ಇತ್ತು. ಅಲ್ಲೂ ಸಹಿ ಮಾಡುವವರು ವೈದ್ಯರೇ. ಉಳಿದ ನಿರ್ವಹಣೆ ಪೂರ್ತಿ ವಿದ್ಯಾರ್ಥಿಗಳದು.

ನಮ್ಮ ಕಡೆ ಇದಕ್ಕೆ ಅಡ್ಡ ಬರುವುದು ಶಿಬಿರದ ಅಭ್ಯಾಸ. ಫ್ಲೆಕ್ಸ್ ಕಟ್ಟುವುದು, ಶಾಮಿಯಾನ ಹಾಕುವುದು, ಗಣ್ಯರ ಭಾಷಣ, ಬೀಪಿ, ಸಕ್ಕರೆ, ಒಂದಿಷ್ಟು ಗುಳಿಗೆ, ಉಪ್ಪಿಟ್ಟು, ಗ್ರೂಪ್ ಫೋಟೋ. ಮಧ್ಯಾಹ್ನಕ್ಕೆ ಎಲ್ಲ ಮುಗಿಯುತ್ತದೆ. ಎಲ್ಲ ಶಿಬಿರವೂ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಕಣ್ಣಿನ ಪೊರೆ ತೆಗೆಸುವ ಶಿಬಿರಕ್ಕೆ ಅರ್ಥ ಇದೆ. ಆಪರೇಷನ್ ಆದಮೇಲೆ ಆ ಅಜ್ಜಿಗೆ ಕಣ್ಣು ಕಾಣಿಸುತ್ತದೆ. ರಕ್ತದಾನ ಶಿಬಿರಕ್ಕೂ ಅರ್ಥ ಇದೆ. ಆದರೆ ಬೀಪಿ, ಸಕ್ಕರೆ ಕಾಯಿಲೆ ಒಂದು ಮಧ್ಯಾಹ್ನದ ಕೆಲಸವಲ್ಲ. ಬಂದರೆ ಜೀವಮಾನದ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ದೊಡ್ಡ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ದೇಶದ ವಯಸ್ಕರಲ್ಲಿ ನೂರಕ್ಕೆ 35ಕ್ಕೂ ಜಾಸ್ತಿ ಜನರಿಗೆ ರಕ್ತದೊತ್ತಡ, 11ಕ್ಕೂ ಜಾಸ್ತಿ ಜನರಿಗೆ ಸಕ್ಕರೆ ಕಾಯಿಲೆ. ಅಂದರೆ ಯಾವ ಓಣಿಯಲ್ಲಿ ಟೇಬಲ್ ಹಾಕಿದರೂ ರೋಗಿಗಳು ಸಿಕ್ಕೇ ಸಿಗುತ್ತಾರೆ. ಹುಡುಕಿದ್ದೇ ಸಾಧನೆ ಅಂತ ನಾನು ಒಪ್ಪುವುದಿಲ್ಲ. "ನಿಮಗೆ ಬೀಪಿ ಇದೆ" ಅಂತ ಹೇಳಿ ಕೈ ತೊಳೆದುಕೊಂಡರೆ ಆ ಮನುಷ್ಯ ಒಂದೋ ಹೆದರುತ್ತಾನೆ, ಇಲ್ಲಾ ಮುಂದೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಆಟೋ ಓಡಿಸುವ ಒಬ್ಬರು ಬಂದರು. ಸ್ಟೇಷನ್ ಕಡೆಯಿಂದ ಸವಾರಿ ಬಿಟ್ಟು ನೇರವಾಗಿ ಬಂದಿದ್ದರು. ದವಡೆಯಲ್ಲಿ ತಂಬಾಕು, ಮೈತುಂಬ ಬೆವರು. ಹೊಸ ಹುಡುಗ ಪಟ್ಟಿ ಕಟ್ಟಿ ನೋಡಿದ. 168/102. ಅವನು ಗಾಬರಿಯಾಗಿ ವೈದ್ಯರ ಕಡೆ ಓಡಲು ಹೊರಟಿದ್ದ. ಪಕ್ಕದಲ್ಲಿದ್ದ ನರ್ಸಿಂಗ್ ಹುಡುಗಿ ತಡೆದಳು. "ಕಾಕಾ, ಬಾಯಾಗಿಂದು ಉಗುಳಿ ಬರ್ರಿ, ಕುರ್ಚಿಗೆ ಬೆನ್ನು ಕೊಟ್ಟು ಆರಾಮ ಕೂಡ್ರಿ" ಅಂದಳು. ಎರಡೂ ಪಾದ ನೆಲಕ್ಕೆ ಊರಿಸಿದಳು. ಕೈಯನ್ನು ಟೇಬಲ್ ಮೇಲೆ ಎದೆಯ ಮಟ್ಟಕ್ಕೆ ಇಡಿಸಿದಳು. ಮಾತಾಡಿಸಲಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದಾಗ 146/92. ಇನ್ನೂ ಹೆಚ್ಚೇ, 140/90ರ ಗೆರೆ ದಾಟಿಯೇ ಇದೆ. ಆದರೆ ಇವೆರಡು ಅಂಕಿಗಳ ನಡುವೆ ಎಷ್ಟು ಅಂತರ ನೋಡಿ. ತೀರಾ ಜಾಸ್ತಿ ಇದ್ದರೆ, 180/110 ದಾಟಿದ್ದರೆ, ಮಾತು ಬೇರೆ. ಇಲ್ಲದಿದ್ದರೆ ಬೇರೆ ದಿನ ಮತ್ತೊಮ್ಮೆ ನೋಡದೆ ಬೀಪಿ ಕಾಯಿಲೆ ಅಂತ ಹೆಸರಿಡುವುದಿಲ್ಲ. ವೈದ್ಯರು ಕಾರ್ಡಿನ ಮೇಲೆ ಬರೆದರು: ಮುಂದಿನ ಭಾನುವಾರ.

ಮುಂದಿನ ಭಾನುವಾರ ಅವರು ಬರಲಿಲ್ಲ.

ನನ್ನ ಪ್ರಕಾರ ಕ್ಲಿನಿಕ್ ಶುರುವಾಗುವುದೇ ಇಲ್ಲಿಂದ. ಫೋನ್ ಮಾಡಿದರೆ ನಂಬರ್ ಮಗನದು, ಮಗ ಗೋವಾದಲ್ಲಿ. ಅವನ ಹತ್ತಿರ ಅವ್ವನ ನಂಬರ್ ತೊಗೊಂಡು ಮಾತಾಡಬೇಕು. "ಮನಿಯವರು ನಸಕಿನ್ಯಾಗ ಹೊಂಟ್ರ ರಾತ್ರಿ ಬರ್ತಾರ್ರೀ" ಅಂತಾರೆ ಅವರು. ಹಾಗಾದರೆ ರಾತ್ರಿ ಮಾಡಬೇಕು. ಇದನ್ನೆಲ್ಲ ಮಾಡಿದ್ದು ಬಿ.ಕಾಂ. ಓದುವ ಒಬ್ಬ ಹುಡುಗಿ. ಅವಳಿಗೆ ಸ್ಟೆತಾಸ್ಕೋಪ್ ಹಿಡಿದು ಗೊತ್ತಿಲ್ಲ. ಅವಳ ಹತ್ತಿರ ಇರುವುದು ಒಂದು ಉದ್ದನೆಯ ರಿಜಿಸ್ಟರ್, ಕೆಂಪು ಪೆನ್ನು, ಮತ್ತು ಜನರ ಜೊತೆ ಮಾತಾಡುವ ರೀತಿ. ಬರಬೇಕಾಗಿದ್ದು ಬರದವರ ಹೆಸರಿಗೆ ಕೆಂಪು ಗುರುತು. ಬುಧವಾರದೊಳಗೆ ಫೋನ್. ನಮ್ಮ ಕ್ಲಿನಿಕ್‌ನಲ್ಲಿ ನನ್ನನ್ನೂ ಸೇರಿಸಿ ಎಲ್ಲ ವಿದ್ಯಾರ್ಥಿಗಳಿಗಿಂತ ದೊಡ್ಡ ಕೆಲಸ ಅವಳದು. ಇದನ್ನು ಬಹಿರಂಗವಾಗಿ ಹೇಳಬೇಕು ಅನ್ನಿಸಿತು.

ಫೋನಿನಲ್ಲಿ ಅವಳಿಗೆ ಸಿಗುವ ಉತ್ತರಗಳು ಯಾವ ಪಠ್ಯಪುಸ್ತಕಕ್ಕಿಂತ ಕಡಿಮೆಯಿಲ್ಲ. "ಈಗ ಆರಾಮ ಅದೀನಲ್ಲವಾ, ಮತ್ಯಾಕ ಗುಳಗಿ?" ಅನ್ನುವವರು ಜಾಸ್ತಿ. ಬೀಪಿ ಇದ್ದರೂ ಮೈಗೆ ಏನೂ ಅನ್ನಿಸುವುದಿಲ್ಲ, ಅದೇ ಅದರ ಅಪಾಯ. ಗುಳಿಗೆ ನುಂಗುತ್ತಿರುವುದರಿಂದಲೇ ಆರಾಮ ಇದೆ ಅಂತ ತಿಳಿಸಿ ಹೇಳಲು ಎರಡು ನಿಮಿಷದ ಮಾತು ಸಾಲುವುದಿಲ್ಲ. "ಗುಳಗಿ ಮುಗದಾವ್ರಿ, ಮತ್ತ ಕೇಳಾಕ ನಾಚಿಕಿ ಆತು" ಅಂದವರೂ ಇದ್ದಾರೆ. ಪುಕ್ಕಟೆ ಕೊಡುವ ಜಾಗದಲ್ಲಿ ಎರಡನೇ ಸಲ ಕೈ ಚಾಚಲು ಜನ ಹಿಂಜರಿಯುತ್ತಾರೆ. ಆ ಸಂಕೋಚ ಬಿಡಿಸುವುದು ಪರಿಚಯದ ದನಿ. ವಾರ ವಾರ ಬೇರೆ ಬೇರೆ ಮುಖ ನೋಡಿದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಅದಕ್ಕೇ ನಾನು ದೊಡ್ಡ ತಂಡ ಬೇಡ ಅನ್ನುತ್ತೇನೆ. ಒಮ್ಮೆ ಬಂದು ಹೋಗುವ ಐವತ್ತು ಜನರಿಗಿಂತ ಆರು ತಿಂಗಳು ಬಿಡದೆ ಬರುವ ಹನ್ನೆರಡು ಜನ ಸಾಕು. ಒಬ್ಬರಿಗೆ ತಿಂಗಳಿಗೆ ಎರಡು ಭಾನುವಾರ, ಅದೂ ಯಾವಾಗಲೂ ಅದೇ ಜೋಡಿ. ಮೊದಲ ವಾರ ನೋಡಿದವರೇ ಮೂರನೇ ವಾರವೂ ನೋಡುತ್ತಾರೆ. ಗ್ರೂಪಿನಲ್ಲಿ ಹೆಬ್ಬೆಟ್ಟಿನ ಗುರುತು ಒತ್ತಿದರೆ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶುಕ್ರವಾರ ರಾತ್ರಿಯೊಳಗೆ ಫೋನಿನಲ್ಲಿ "ಬರ್ತೀನಿ" ಅನ್ನಬೇಕು, ಬರಲು ಆಗದಿದ್ದರೆ ಬದಲಿಯವರನ್ನು ಅವರೇ ಒಪ್ಪಿಸಬೇಕು. ಇದು ಕಟ್ಟುನಿಟ್ಟು ಅನ್ನಿಸಬಹುದು. ಆದರೆ ಕೂಲಿ ಬಿಟ್ಟು ಬಂದು ಬಾಗಿಲಲ್ಲಿ ಕಾಯುವವರಿಗೆ ನಮ್ಮ ನಿದ್ದೆಯ ಕಾರಣ ಹೇಳಲು ನನಗೆ ಬಾಯಿ ಬರುವುದಿಲ್ಲ.

ಪರೀಕ್ಷೆ ಬಂದಾಗ ಎಲ್ಲ ಕುಸಿಯುತ್ತದೆ. ಒಂದೇ ಕಾಲೇಜಿನ ಒಂದೇ ಬ್ಯಾಚಿನವರು ತುಂಬಿಕೊಂಡರೆ ಇಂಟರ್ನಲ್ಸ್ ಹತ್ತಿರ ಬಂದ ಕೂಡಲೇ ಕ್ಲಿನಿಕ್ ಖಾಲಿ. ಹಾಗಾಗಿ ಮೆಡಿಕಲ್, ನರ್ಸಿಂಗ್, ಫಾರ್ಮಸಿ, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ), ಬಿ.ಕಾಂ. ಎಲ್ಲ ಬೆರೆಸಿ ತಂಡ ಕಟ್ಟಬೇಕು. ಎಲ್ಲರ ಪರೀಕ್ಷೆ ಒಂದೇ ವಾರಕ್ಕೆ ಬೀಳುವುದಿಲ್ಲ. ಪಾಳಿಪಟ್ಟಿ ಬರೆಯುವಾಗ ಪಕ್ಕದಲ್ಲಿ ಕ್ಯಾಲೆಂಡರ್ ಇರಲೇಬೇಕು. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ ಇದ್ದಾಗ ಊರೇ ಅತ್ತ ಇರುತ್ತದೆ. ಎಳ್ಳಮಾವಾಸ್ಯೆಗೆ ಜನ ಹೊಲಕ್ಕೆ ಹೋಗುತ್ತಾರೆ, ಚರಗ ಚೆಲ್ಲಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆಯಬೇಕು. ರಮ್ಜಾನ್ ತಿಂಗಳ ತಯಾರಿ ಆ ತಿಂಗಳು ಶುರುವಾಗುವ ಮೊದಲೇ ಆಗಬೇಕು. ರೋಜಾ ಇರುವ ಸಕ್ಕರೆ ಕಾಯಿಲೆಯವರ ಗುಳಿಗೆಯ ಹೊತ್ತು, ಕೆಲವೊಮ್ಮೆ ಪ್ರಮಾಣ ಕೂಡ, ವೈದ್ಯರು ಬದಲಿಸಬೇಕಾಗುತ್ತದೆ. ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಕುಸಿಯುವ ಅಪಾಯ ಇದೆ. ಮೊದಲ ರೋಜಾಕ್ಕೆ ಮುಂಚೆಯೇ ಅವರನ್ನೆಲ್ಲ ಕರೆಸುವುದು ಮತ್ತೆ ಆ ರಿಜಿಸ್ಟರ್ ಹುಡುಗಿಯ ಕೆಲಸ.

ಇನ್ನು ಗುಳೆ. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷ, ನಮ್ಮ ಜನ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುತ್ತಾರೆ. ಅವರನ್ನು "ಬರದವರು" ಅಂತ ಬರೆದು ಸುಮ್ನೆ ಕೂರುವಂತಿಲ್ಲ. ಹೋಗುವ ಮುಂಚೆ ಅವರ ಕೈಗೆ ಒಂದು ಗಟ್ಟಿ ಕಾರ್ಡ್ ಕೊಡಬೇಕು. ಬೀಪಿ ಎಷ್ಟಿತ್ತು, ಸಕ್ಕರೆ ಎಷ್ಟಿತ್ತು, ಯಾವ ಗುಳಿಗೆ, ಎಷ್ಟು ಮಿಲಿಗ್ರಾಂ ಅಂತ ಸ್ಪಷ್ಟ ಅಕ್ಷರದಲ್ಲಿ. ಅಲ್ಲಿನ ಸರ್ಕಾರಿ ದವಾಖಾನೆಯಲ್ಲಿ ತೋರಿಸಲು ಆಗುವ ಹಾಗೆ.

ಗುಳಿಗೆಯ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಕಂಪನಿಯವರು ಕೊಟ್ಟ ಸ್ಯಾಂಪಲ್ ಪಟ್ಟಿಗಳ ಮೇಲೆ ದೀರ್ಘ ಕಾಯಿಲೆಯ ಚಿಕಿತ್ಸೆ ಶುರು ಮಾಡಲೇಬಾರದು. ಎರಡು ವಾರದ ಸ್ಯಾಂಪಲ್ ಮುಗಿದ ಮೇಲೆ ಆ ಬ್ರ್ಯಾಂಡ್ ಕೊಳ್ಳಲು ಅವರಿಗೆ ಆಗುವುದಿಲ್ಲ, ಗುಳಿಗೆ ನಿಂತುಹೋಗುತ್ತದೆ. ಬೀಪಿಯ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನಂಥವು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವಂಥವು, ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ನಮ್ಮ ಕೆಲಸ ಅವರನ್ನು ಅಲ್ಲಿಗೆ ಮುಟ್ಟಿಸುವುದು. ಮೊದಲ ಸಲ ಒಬ್ಬ ವಿದ್ಯಾರ್ಥಿ ಜೊತೆಗೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಆಪರೇಷನ್ ಬೇಕಾದವರಿಗೆ ಆಯುಷ್ಮಾನ್ ಕಾರ್ಡ್ ಮಾಡಿಸಿಕೊಡಬೇಕು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದವರಿಗೆ ಸಿರಪ್ ಕೊಟ್ಟು ಕಳಿಸದೆ, ಕ್ಷಯ ಇದೆಯಾ ಅಂತ ನೋಡುವ ಕಫ ಪರೀಕ್ಷೆಗೆ ಕರೆದುಕೊಂಡು ಹೋಗಬೇಕು. ಹೀಗೆ ಜೊತೆಗೆ ಹೋಗುವವರನ್ನೂ ನಾನು ಪಾಳಿಪಟ್ಟಿಯಲ್ಲಿ ಹೆಸರು ಹಾಕಿ ಇಡುತ್ತೇನೆ. ಇಲ್ಲದಿದ್ದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಭಾಷೆಯ ವಿಷಯ ಬೇರೆ ಊರಿನಿಂದ ಬಂದು ಇಲ್ಲಿ ಓದುವವರಿಗೆ ಹೇಳುತ್ತಿದ್ದೇನೆ. ನಿಮ್ಮ ಮನಸ್ಸು ಒಳ್ಳೆಯದು, ನೀವು ಬೇಕು. ಆದರೆ ನಿಮ್ಮ ಪಕ್ಕದಲ್ಲಿ ಈ ಕಡೆಯವರೊಬ್ಬರು ಕೂತಿರಲೇಬೇಕು. ಇಲ್ಲಿ ಕನ್ನಡದ ಜೊತೆ ದಖನಿ ಉರ್ದು ಇದೆ, ತಾಂಡಾದಿಂದ ಬಂದವರಿಗೆ ಲಂಬಾಣಿ. "ಕೈಕಾಲು ಜುಮು ಜುಮು ಅಂತಾವ" ಅಂದಾಗ ಸಕ್ಕರೆ ಕಾಯಿಲೆಯ ನರದ ತೊಂದರೆ ಇರಬಹುದಾ ಅಂತ ಹೊಳೆಯಬೇಕು. ಹೆಂಗಸರಂತೂ ಗಂಡಸರ ಎದುರು ಅರ್ಧ ಮಾತು ನುಂಗುತ್ತಾರೆ. ಬಿಳಿ ಮುಟ್ಟಿನ ತೊಂದರೆಯನ್ನು ಸೊಂಟನೋವು ಅಂತ ಹೇಳಿ ಎದ್ದು ಹೋಗುತ್ತಾರೆ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅವರಲ್ಲಿ ಎಷ್ಟು ಜನ ಅದನ್ನು ಬಾಯಿಬಿಟ್ಟು ಹೇಳುತ್ತಾರೆ? ಅದಕ್ಕೇ ಒಂದು ಪರದೆ, ಅದರ ಹಿಂದೆ ಒಬ್ಬ ಹೆಣ್ಣುಮಗಳು, ಇದು ಪ್ರತಿ ವಾರ ಇರಲೇಬೇಕು. ಓಣಿಯ ಆಶಾ ಕಾರ್ಯಕರ್ತೆಯನ್ನು ಮೊದಲೇ ಮಾತಾಡಿಸಿ. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಅನ್ನೋದು ಅವರಿಗೆ ಗೊತ್ತು, ನಮಗಲ್ಲ.

ಸುರಕ್ಷತೆ ಬಗ್ಗೆ ಮಾತು ಬೆಳೆಸುವುದಿಲ್ಲ. ಬೆರಳಿಗೆ ಚುಚ್ಚುವ ಸೂಜಿ ಒಬ್ಬರಿಗೆ ಒಂದು. ಬಳಸಿದ ಮೇಲೆ ಅದು ನೇರವಾಗಿ ಹೋಗಬೇಕಾದದ್ದು, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿರದವರನ್ನು ನಾನು ಸೂಜಿಯ ಟೇಬಲ್‌ಗೆ ಹಾಕುವುದಿಲ್ಲ. ಬೇಜಾರಾದರೂ ಪರವಾಗಿಲ್ಲ.

ಸರ್ಟಿಫಿಕೇಟ್ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಮುಂದಿನ ಓದಿಗೆ, ಕೆಲಸಕ್ಕೆ ಅದು ಬೇಕಾಗುತ್ತದೆ, ಕೇಳುವುದು ತಪ್ಪಲ್ಲ. ಆರು ತಿಂಗಳು ಮುಗಿದ ಮೇಲೆ, ಎಷ್ಟು ಗಂಟೆ ದುಡಿದಿರಿ ಅಂತ ಬರೆದೇ ಕೊಡುತ್ತೇವೆ. ಒಂದು ದಿನಕ್ಕೆ ಕೊಡುವುದಿಲ್ಲ. ಈಗ ಎಂಬಿಬಿಎಸ್‌ನಲ್ಲೇ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ನೋಡಿಕೊಳ್ಳುವ ಕಾರ್ಯಕ್ರಮ ಇದೆ. ಒಂದು ಮನೆಯ ಜೊತೆ ಬಹುಕಾಲ ಇದ್ದರೇ ವೈದ್ಯರಾಗಿ ಕಲಿಯಲು ಸಾಧ್ಯ ಅನ್ನುವ ನಂಬಿಕೆ ಅದರ ಹಿಂದಿದೆ. ನಾವು ಭಾನುವಾರ ಮಾಡುತ್ತಿರುವುದೂ ಅದನ್ನೇ.

ಮುಂದಿನ ಆರು ತಿಂಗಳಿಗೆ ಈಗ ಬೇಕಾಗಿರುವವರು ಇವರು. ಲಂಬಾಣಿ ಮಾತಾಡುವ ಒಬ್ಬರು, ಹೆಣ್ಣುಮಕ್ಕಳಾದರೆ ಇನ್ನೂ ಒಳ್ಳೆಯದು. ಔಷಧಿ ಕೌಂಟರ್‌ನಲ್ಲಿ ಕೂರಲು ಒಬ್ಬ ನೋಂದಾಯಿತ ಫಾರ್ಮಾಸಿಸ್ಟ್, ನಿವೃತ್ತರಾದರೂ ಸರಿ. ತಿಂಗಳಿಗೆ ಒಂದೇ ಭಾನುವಾರ ಕೊಡಬಲ್ಲ ಇಬ್ಬರು ವೈದ್ಯರು. ಮತ್ತೆ ವಾರದ ದಿನ ಸಂಜೆ ಒಂದು ತಾಸು ಫೋನ್ ಹಿಡಿದು ಕೂರುವ ಮೂರು ಜನ. ಯಾವ ಕೋರ್ಸ್ ಓದುತ್ತಿದ್ದರೂ ಆಗುತ್ತದೆ, ಓದು ಮುಗಿಸಿ ಮನೆಯಲ್ಲಿದ್ದರೂ ಆಗುತ್ತದೆ. ಫೋನಿನ ಕರೆನ್ಸಿ ನಾವು ಹಾಕಿಸುತ್ತೇವೆ. ಹೇಗೆ ಮಾತಾಡಬೇಕು ಅನ್ನೋದನ್ನು ಆ ಬಿ.ಕಾಂ. ಹುಡುಗಿಯೇ ಹೇಳಿಕೊಡುತ್ತಾಳೆ. ಬರುವವರು ಇನ್‌ಬಾಕ್ಸ್‌ಗೆ ಹೆಸರು ಹಾಕಿ, ಮಂಗಳವಾರ ಸಂಜೆ ನಾನೇ ಫೋನ್ ಮಾಡುತ್ತೇನೆ.