ಊರು ನೆನಪಾದರೆ ನಾವು ಗಲಾಟೆ ಮಾಡ್ತೀವಿ

ಸ್ವಿಟ್ಜರ್ಲೆಂಡಿನಲ್ಲಿರುವ ನಮ್ಮ ಕನ್ನಡದವರಿಗೆ ಊರು ನೆನಪಾದರೆ ಮದ್ದು ಗೊತ್ತು. ಹಾಲ್ ಬಾಡಿಗೆಗೆ ಹಿಡಿದು, ಬಿಸಿಬೇಳೆಬಾತ್ ಮಾಡಿ, ಮೈಕ್ ಇಟ್ಟು ರಾಜ್ಯೋತ್ಸವ ಮಾಡುವುದು. ನಾನೂ ಖುಷಿಯಿಂದಲೇ ಹೋಗುತ್ತೇನೆ. ಆದರೆ ಊರು ಬಿಟ್ಟು ಬಂದ ಸಂಕಟ ಇದೆಯಲ್ಲ, ಅದಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ.

ಇದು ತಲೆಗೆ ಹೊಕ್ಕಿದ್ದು ಹತ್ತೊಂಬತ್ತನೇ ಶತಮಾನದ ಸಂಗೀತಗಾರ ಫ್ರಾನ್ಜ್ ಲಿಸ್ಟ್‌ನ 'ಲ ಮಾಲ್ ದ್ಯು ಪೇಯಿ' ಕೇಳುವಾಗ. ಊರಿನ ಹಂಬಲದ ಪಿಯಾನೋ ಕೃತಿ. 1855ರಲ್ಲಿ ಅಚ್ಚಾದ ಅವನ ಸ್ವಿಸ್ ಸಂಪುಟದ ಒಂಬತ್ತರಲ್ಲಿ ಎಂಟನೆಯದು. ಶುರುವಿಗೆ ಜೊತೆ ಸ್ವರವಿಲ್ಲದ ಒಂಟಿ ರಾಗ. ಸ್ವಲ್ಪ ಹೋಗಿ ನಿಂತುಬಿಡುತ್ತದೆ. ಮೌನ. ಮತ್ತೆ ಬೇರೆ ಶ್ರುತಿಯಲ್ಲಿ ಅದೇ ಮಾತು, ಹೇಳಲು ಹೊರಟವನಿಗೆ ಗಂಟಲು ಕಟ್ಟಿದ ಹಾಗೆ.

ಅದರ ಹಿಂದಿರುವುದು ಆಲ್ಪ್ಸ್ ದನಗಾಹಿಗಳ ಧಾಟಿ. ಹೊರದೇಶದ ಸೇನೆಗಳಲ್ಲಿ ಕೂಲಿಗೆ ದುಡಿಯುತ್ತಿದ್ದ ಸ್ವಿಸ್ ಸೈನಿಕರು ಅಂಥ ರಾಗ ಕೇಳಿದರೆ ಅಳುತ್ತಿದ್ದರಂತೆ, ಓಡಿಹೋಗುತ್ತಿದ್ದರಂತೆ, ಸತ್ತೇ ಹೋಗುತ್ತಿದ್ದರಂತೆ, ಅದಕ್ಕೇ ನುಡಿಸಿದವರಿಗೆ ಮರಣದಂಡನೆ ಅಂತ ತತ್ವಜ್ಞಾನಿ ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು. ಆದರೆ 1688ರಲ್ಲೇ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಈ ಊರಿನ ಹಂಬಲವನ್ನು ಕಾಯಿಲೆ ಅಂತಲೇ ಪ್ರಬಂಧ ಬರೆದಿದ್ದ. ಊರಿನ ನೆನಪನ್ನು ಈ ಜನ ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು.

ಲಿಸ್ಟ್ ಸ್ವಿಸ್ ಅಲ್ಲವೇ ಅಲ್ಲ, ಗೊತ್ತಲ್ವಾ? 1835ರಲ್ಲಿ ಪ್ಯಾರಿಸ್ ಬಿಟ್ಟು ಪ್ರೇಯಸಿ ಮರೀ ದಾಗೂ ಜೊತೆ ಜಿನೀವಾಕ್ಕೆ ಬಂದವನು. ಹುಟ್ಟಿದ್ದು ಆಗಿನ ಹಂಗೇರಿಯ ಹಳ್ಳಿಯಲ್ಲಿ, ಆ ಹಳ್ಳಿ ಈಗ ಆಸ್ಟ್ರಿಯಾದಲ್ಲಿದೆ. ಹಂಗೇರಿಯನ್ ಭಾಷೆ ಸರಿಯಾಗಿ ಬರುತ್ತಲೇ ಇರಲಿಲ್ಲ. ಇನ್ನೊಬ್ಬರ ಊರಿನ ಹಂಬಲವನ್ನು ಸಾಲ ತಂದು ನುಡಿಸಿದ. ಆದರೂ ಸುಳ್ಳು ಅನ್ನಿಸುವುದಿಲ್ಲ, ಯಾಕೆಂದರೆ ಅದನ್ನು ಅಲಂಕಾರ ಮಾಡಿ ಮುಚ್ಚಲು ಹೋಗಿಲ್ಲ.

ನಮ್ಮ ಮಕ್ಕಳೂ ಬೇಸಿಗೆ ರಜೆಯಲ್ಲಷ್ಟೇ ನೋಡಿದ ಊರಿನ ಹಾಡು ಹೇಳುತ್ತಾರೆ. ಅವರದ್ದೂ ಸಾಲದ ಹಂಬಲವೇ, ಅದರಲ್ಲಿ ತಪ್ಪಿಲ್ಲ. ನನ್ನ ತಕರಾರು ನಮ್ಮ, ಅಂದರೆ ದೊಡ್ಡವರ ಬಗ್ಗೆ. ಅಪ್ಪನ ಕೊನೆಗಾಲಕ್ಕೆ ವಿಮಾನ ಸಿಗದೆ ವೀಡಿಯೋ ಕಾಲ್‌ನಲ್ಲೇ ಎಲ್ಲ ನೋಡಿದವರು ಆ ಹಾಲ್‌ನಲ್ಲೇ ಹೋಳಿಗೆ ಬಡಿಸುತ್ತಿರುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಕಾರ್ಯಕ್ರಮ ಡಲ್ ಆಗುತ್ತಂತೆ.

ಆಗಲಿ ಬಿಡಿ. ಹತ್ತು ನಿಮಿಷ ಯಾರಾದರೂ ಅಂಥದ್ದೊಂದು ಮಾತಾಡಲಿ, ಉಳಿದವರು ಸುಮ್ನೆ ಕೇಳೋಣ. ಅದಕ್ಕೆ ಸಮಿತಿಯವರು ಒಂದು ಡ್ಯಾನ್ಸ್ ಐಟಂ ಬಿಟ್ಟುಕೊಡುತ್ತಾರಾ ಅನ್ನುವುದು ಬೇರೆ ಮಾತು.