ಅರ್ಧ ರೇಟಿಗೆ ಸಮುದ್ರ

ಜೂನ್ ಕೊನೆಯಲ್ಲಿ ಉಡುಪಿ ಕಡೆ ರೂಮು ಅರ್ಧ ರೇಟಿಗೆ ಸಿಗುತ್ತದೆ. ಯಾಕೆ ಅಂತ ನಮ್ಮ ಭಾವ ಕೇಳಲಿಲ್ಲ. ಭಾವನಿಗೆ ಡಿಸ್ಕೌಂಟ್ ಅಂದರೆ ಸಾಕು, ಕಾರಣ ಬೇಕಿಲ್ಲ. ತುಮಕೂರಿನಿಂದ ಹೊರಡುವಾಗಲೇ ಊಟದ ಪಟ್ಟಿ ತಯಾರಾಗಿತ್ತು. ಮೊದಲ ದಿನ ಕಾಣೆ ಫ್ರೈ, ಎರಡನೇ ದಿನ ಬಂಗುಡೆ ಪುಳಿಮುಂಚಿ, ಹೊರಡುವ ದಿನ ಅಂಜಲ್. ಮಧ್ಯೆ ಬಿಡುವಾದಾಗ ಸಮುದ್ರ. ಮೀನಿನ ವಾಸನೆಗೇ ಆಗದ ಅಮ್ಮ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

ಮಲ್ಪೆಯ ಹತ್ತಿರ ಒಂದು ಹೋಟೆಲ್. ಮೆನು ಕಾರ್ಡ್ ನೋಡಿದರೆ ಅರಬ್ಬೀ ಸಮುದ್ರವೇ ಅದರೊಳಗಿದೆ. ಭಾವ ಮೇಲಿನಿಂದ ಬೆರಳಿಟ್ಟರು.

“ಕಾಣೆ ಫ್ರೈ?”

“ಇಲ್ಲ.”

“ಬಂಗುಡೆ?”

“ಅದೂ ಇಲ್ಲ.”

“ಭೂತಾಯಿ?”

“ಬೋಟ್ ಹೋಗುದಿಲ್ಲ ಅಲ್ವಾ ಈಗ.”

ಬೆರಳು ಒಂದೊಂದೇ ಸಾಲು ಇಳಿಯುತ್ತಾ ಪುಟದ ತಳಕ್ಕೆ ಬಂತು. ಅಲ್ಲಿ ‘ತೆರಿಗೆ ಪ್ರತ್ಯೇಕ’ ಅಂತ ಬರೆದಿತ್ತು. ಅದು ಮಾತ್ರ ಇತ್ತು.

“ಮತ್ತೆ ಏನಿದೆ?”

“ಚಿಕನ್ ಉಂಟು ಮಾರಾಯ್ರೆ.”

ಆಮೇಲೆ ಆ ಹುಡುಗನೇ ಪಾಪ, ವಿವರಿಸಿದ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ನಾಡದೋಣಿಗಳಿಗೆ ಅವಕಾಶ ಇದೆ, ಆದರೆ ಕಡಲು ಜೋರಾದರೆ ಅವೂ ದಡದಲ್ಲೇ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದನ್ನು ಬರುವಾಗ ನಾವೇ ನೋಡಿದ್ದೆವು. “ಎಷ್ಟು ಬೋಟ್ ಇದೆ ನೋಡಿ, ಇಲ್ಲಿ ಮೀನಿಗೇನು ಬರ!” ಅಂತ ಭಾವ ಹಿಗ್ಗಿದ್ದರು.

ಕೊನೆಗೆ ಹುಡುಗ ಒಳಗೆ ಹೋಗಿ ಬಂದು, ಅಂಜಲ್ ಒಂದು ತುಂಡು ಉಂಟು, ಐಸಿನದ್ದು, ಅಡ್ಡಿಲ್ವಾ ಅಂದ. ಅಡ್ಡಿಯೇ! ಬಾಳೆಎಲೆಯ ಚೂರಿನ ಮೇಲೆ ಕೆಂಪು ಮಸಾಲೆ ಮೆತ್ತಿಕೊಂಡು ಅದು ಬಂತು. ಅಂಗೈಗಿಂತ ಸಣ್ಣದು. ಜೊತೆಗೆ ಈರುಳ್ಳಿ ಚಕ್ರ, ನಿಂಬೆ ಹೋಳು. ನಿಂಬೆ ಹಿಂಡಿದ ಮೇಲೆ ಹೋಳೇ ಮೀನಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ರೇಟು ನಾನು ಹೇಳುವುದಿಲ್ಲ, ಅಕ್ಕನಿಗೆ ಇನ್ನೂ ಗೊತ್ತಿಲ್ಲ.

“ಯಾವ ಕಡಲಿನ ಮೀನು ಇದು?”

“ತಮಿಳುನಾಡು ಕಡೆಯದ್ದು. ಅಲ್ಲಿ ಬಂದ್ ಮುಗಿದಿದೆ.”

ನಿಜ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಭಾವನ ಕೈ ತುತ್ತಿನ ಹತ್ತಿರವೇ ನಿಂತಿತು. ಶಿರಾಡಿ ಘಾಟಿಯಲ್ಲಿ ನಮ್ಮ ಹಿಂದೆಯೇ ಒಂದು ಲಾರಿ, ಕೆಳಗೆ ನೀರು ತೊಟ್ಟಿಕ್ಕಿಸುತ್ತಾ, ಹಾರ್ನ್ ಹೊಡೆದು ಹೊಡೆದು ಪ್ರಾಣ ತೆಗೆದಿತ್ತು. ಸೈಡ್ ಕೊಡಲ್ಲ ಅಂತ ಹಟ ಹಿಡಿದವರು ಭಾವನೇ. ಮದ್ರಾಸಿನ ಅಂಜಲ್ ನಮ್ಮೂರು ದಾಟಿ, ನಮ್ಮ ಬೆನ್ನ ಹಿಂದೆಯೇ ಘಾಟಿ ಇಳಿದು, ಇಲ್ಲಿ ಬಂದು ಫ್ರೈ ಆಗಿತ್ತು ಅಂತ ಅಕ್ಕ ತೀರ್ಮಾನ ಕೊಟ್ಟಳು.

ಊಟ ಹೋದರೆ ಹೋಗಲಿ, ನೋಡೋದಕ್ಕೇನು? ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗೋಣ ಅಂದರೆ ಮಳೆಗಾಲದಲ್ಲಿ ಅಲ್ಲಿಗೂ ಬೋಟಿಲ್ಲ. ಲಾವಾ ತಣ್ಣಗಾಗಿ ಆದ ಕಲ್ಲುಕಂಬಗಳು ಅಲ್ಲಿವೆ. 8 ಕೋಟಿಗೂ ಹೆಚ್ಚು ವರ್ಷದಿಂದ ನಿಂತಿರುವ ಕಲ್ಲು ಇನ್ನೆರಡು ತಿಂಗಳು ನಿಲ್ಲೋದಿಲ್ವಾ ಅಂತ ಸಮಾಧಾನ ಮಾಡಿಕೊಂಡೆವು. ಮುರುಡೇಶ್ವರದಲ್ಲಿ 20 ಅಂತಸ್ತಿನ ಗೋಪುರಕ್ಕೆ ಲಿಫ್ಟಿನಲ್ಲಿ ಹೋದೆವು. ಮೇಲಿನಿಂದ 123 ಅಡಿಯ ಶಿವನನ್ನು ನೋಡಬೇಕು. ಕಂಡಿಯಲ್ಲಿ ಇಣುಕಿದರೆ ಬರೀ ಬಿಳಿ. ಪಕ್ಕದಲ್ಲಿದ್ದವರೊಬ್ಬರು “ಅಗೋ, ಅಲ್ಲಿ ಜಟೆ” ಅಂದರು. ಎಲ್ಲರೂ “ಹೌದೌದು” ಅಂದೆವು. ಅಮ್ಮ ಸುಮ್ನೆ ಆ ಕಡೆಗೆ ಕೈ ಮುಗಿದರು. ನಮಗಿಂತ ಅವರಿಗೆ ಜಾಸ್ತಿ ಕಂಡಿರಬೇಕು.

ಮರವಂತೆ ಮಾತ್ರ ಮೋಸ ಮಾಡಲಿಲ್ಲ. ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಇದನ್ನು ನೋಡದವರು ಮರವಂತೆ ನೋಡಿದ್ದೇವೆ ಅನ್ನಬಾರದು, ಇದು ನನ್ನ ಅಭಿಪ್ರಾಯ. ಡಿಸೆಂಬರಿನ ನೀಲಿ ಕಡಲು ಕ್ಯಾಲೆಂಡರಿಗೆ ಚೆಂದ. ಜೂನ್‌ನದ್ದು ಕಂದು ಬಣ್ಣ, ಕೆಸರಿನ ನೊರೆ, ತಡೆಗೋಡೆಯ ಕಲ್ಲಿಗೆ ಬಡಿದಾಗ ಎದೆಯೊಳಗೇ ಸದ್ದು. ಎಡಕ್ಕೆ ಅಷ್ಟು ಗಲಾಟೆ, ಬಲಕ್ಕೆ ನದಿ ತನಗೇನೂ ಸಂಬಂಧವಿಲ್ಲ ಅನ್ನುವ ಹಾಗೆ ಇರುತ್ತದೆ. ಭಾವ ಕೊಡೆ ಬಿಚ್ಚಿ ಸೆಲ್ಫಿಗೆ ನಿಂತರು. ಗಾಳಿಗೆ ಕೊಡೆ ಹೂದಾನಿಯ ಹಾಗೆ ತಿರುಗಿ ನಿಂತಿತು. ಹಿಂದೆಯೇ ಬಂದ ಅಲೆಯ ತುಂತುರು ಫೋನು, ಕನ್ನಡಕ, ಅಂಗಿ ಎಲ್ಲಕ್ಕೂ ಸಮನಾಗಿ ಹಂಚಿಹೋಯಿತು. ಫೋಟೊ ಬಂದಿದೆ. ಅದರಲ್ಲಿ ಭಾವನ ಬಾಯಿ ಮಾತ್ರ ಫೋಕಸ್ಸಿನಲ್ಲಿದೆ.

ಒದ್ದೆ ಬಟ್ಟೆಯಲ್ಲೇ ಹತ್ತಿರದ ಸಣ್ಣ ಸಸ್ಯಾಹಾರಿ ಹೋಟೆಲ್ ಹೊಕ್ಕೆವು. ಇಡೀ ಪ್ರವಾಸದಲ್ಲಿ ಮೊದಲ ಸಲ ಅಮ್ಮ ಆರ್ಡರ್ ಮಾಡಿದರು. ಪತ್ರೊಡೆ ಇತ್ತು! ಕೆಸುವಿನ ಎಲೆಗೆ ಅಕ್ಕಿ, ಹುಣಸೆಹುಳಿ, ಬೆಲ್ಲ, ಮೆಣಸಿನ ಹಿಟ್ಟು ಹಚ್ಚಿ, ಸುರುಳಿ ಸುತ್ತಿ, ಬೇಯಿಸಿ, ಬಿಲ್ಲೆ ಮಾಡಿ, ತೆಂಗಿನೆಣ್ಣೆಯಲ್ಲಿ ಕಾಯಿಸಿದ್ದು. ಅಂಚು ಗರಿಗರಿ, ಒಳಗೆ ಮೆತ್ತಗೆ. ಇದು ಮಳೆಗಾಲದ ತಿಂಡಿ, ಇದಕ್ಕೆ ಯಾವ ನಿಷೇಧವೂ ಇಲ್ಲ. ಭಾವ ಒಂದು ಪ್ಲೇಟ್ ತಿಂದು ಮಾತಿಲ್ಲದೆ ಇನ್ನೊಂದಕ್ಕೆ ಕೈ ತೋರಿಸಿದರು. “ಅಳಿಯಂದಿರೇ, ಮೀನಿನ ಮಸಾಲೆಯ ಹಾಗೇ ಇದೆ ಅಲ್ವಾ?” ಅಂತ ಅಮ್ಮ ಕೇಳಿದ್ದು ಪ್ರೀತಿಯಿಂದಲೋ ಇನ್ನೊಂದರಿಂದಲೋ ಇವತ್ತಿಗೂ ಗೊತ್ತಿಲ್ಲ.

ಅಡುಗೆಯವರು ಅಮ್ಮನಿಗೆ ಮಾಡುವ ವಿಧಾನ ಹೇಳಿಕೊಟ್ಟರು. ಅಷ್ಟೇ ಅಲ್ಲ, ಹಿತ್ತಲಿನಿಂದ ಒಂದು ಹೊರೆ ಕೆಸುವಿನ ಎಲೆಯನ್ನೂ ಕೊಯ್ದು ಕೊಟ್ಟರು. ಹೊರಗೆ ಧೋ ಅಂತ ಮಳೆ. ಕೊಡೆ ಸತ್ತಿತ್ತು. ಕಾರಿನವರೆಗೆ ಭಾವ ಎಲೆಯ ಹೊರೆಯನ್ನೇ ತಲೆ ಮೇಲೆ ಹಿಡಿದು ಓಡಿದರು. ಎಲೆ ಒಳ್ಳೆಯ ಕೊಡೆ, ಸಂಶಯವಿಲ್ಲ. ಆದರೆ ದಂಟಿನ ರಸ ಕುತ್ತಿಗೆಗೆ ಇಳಿಯಿತು.

ಶಿರಾಡಿ ಸಿಗುವ ಹೊತ್ತಿಗೆ ಅವರ ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈ ಕುತ್ತಿಗೆಯ ಮೇಲೆ. ಪರಪರ ಕೆರೆತ. “ಕೆಸುವಿನ ತುರಿಕೆಗೆ ಹುಣಸೆಹಣ್ಣೇ ಮದ್ದು” ಅಂದರು ಅಮ್ಮ. ಘಾಟಿಗೆ ಮುಂಚೆ ಒಂದು ಅಂಗಡಿಯ ಮುಂದೆ ಕಾರು ನಿಂತಿತು. ಭಾವ ಇಳಿದು ಹೋಗಿ, ಕುತ್ತಿಗೆ ಕೆರೆಯುತ್ತಾ, ಅರ್ಧ ಕೆಜಿ ಹುಣಸೆಹಣ್ಣು ಕೇಳಿದರು. ಅಂಗಡಿಯವರು ತಕ್ಕಡಿ ಎತ್ತುತ್ತಾ ಅಂದರು, “ಎಂತ, ಮೀನು ಸಾರಿಗಾ?”