ಏಳನೇ ವಚನಕ್ಕೇ ಯಾಕೆ ನಿಲ್ಲಿಸುತ್ತೀರಿ?

ಪರಿಚಯದ ಒಬ್ಬ ಅಕ್ಕ ಹೋದ ವಾರ ಅತ್ತುಕೊಂಡು ಹೇಳಿದ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅವರ ಸಭೆಯವರೇ, ಅಂದರೆ ಚರ್ಚಿನವರೇ ಒಬ್ಬರು ಕೈಸಾಲ ತೆಗೆದುಕೊಂಡು ಎರಡು ವರ್ಷದಿಂದ ಸತಾಯಿಸುತ್ತಿದ್ದಾರೆ. ಲಾಯರ್ ನೋಟಿಸ್ ಕೊಡಿಸುತ್ತೇನೆ ಅಂದಿದ್ದಕ್ಕೆ ಹಿರಿಯರು ಅಕ್ಕನಿಗೇ ಬುದ್ಧಿ ಹೇಳಿ ಕಳಿಸಿದರಂತೆ. ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು, ಬೈಬಲಿನಲ್ಲಿ ಅಪೊಸ್ತಲ ಪೌಲನೇ ಬರೆದಿದ್ದಾನೆ, ಸಹಿಸಿಕೊಳ್ಳಿ ಅಂತ.

ಪೌಲ ಬರೆದಿದ್ದು ನಿಜ. ಕೊರಿಂಥ ಪಟ್ಟಣದ ಸಭೆಗೆ ಅವನು ಬರೆದ ಮೊದಲನೇ ಪತ್ರ, 1 ಕೊರಿಂಥ, 6ನೇ ಅಧ್ಯಾಯ. ಆದರೆ ಯಾವ ಊರಿನವರಿಗೆ ಬರೆದ ಅಂತಲೂ ನೋಡಬೇಕಲ್ವಾ? ಕೊರಿಂಥ ರೋಮನ್ನರು ಮತ್ತೆ ಕಟ್ಟಿದ ಪಟ್ಟಣ, ಅಲ್ಲಿಗೆ ಮೊದಲು ಬಂದು ನೆಲೆಸಿದವರಲ್ಲಿ ಬಿಡುಗಡೆ ಪಡೆದ ದಾಸರೇ ಜಾಸ್ತಿ. ರೋಮನ್ ಕಾನೂನಿನಲ್ಲಿ ಅಂಥವನು ತನ್ನ ಹಳೇ ಯಜಮಾನನ ಮೇಲೆ ಅಧಿಕಾರಿಯ ಅನುಮತಿ ಇಲ್ಲದೆ ದಾವೆ ಹೂಡುವ ಹಾಗೇ ಇರಲಿಲ್ಲ. ಹಣ, ಮನೆತನ, ಗುರುತು ಪರಿಚಯ ಇದ್ದವರದ್ದೇ ಅಲ್ಲಿ ಮೇಲುಗೈ. ಹಾಗಾಗಿ ಸಹೋದರನನ್ನು, ಅಂದರೆ ಜೊತೆ ವಿಶ್ವಾಸಿಯನ್ನು, ಕೋರ್ಟಿಗೆ ಎಳೆಯುತ್ತಿದ್ದವರು ಬಹುಪಾಲು ಉಳ್ಳವರೇ ಇರಬೇಕು ಅಂತ ನನಗನಿಸುತ್ತದೆ.

ಈಗ ಆ ಅಧ್ಯಾಯವನ್ನೇ ನಿಧಾನವಾಗಿ ಓದಿ. ಐದನೇ ವಚನದಲ್ಲಿ ಪೌಲ ಕೇಳುವುದು, ಅಣ್ಣತಮ್ಮಂದಿರ ವ್ಯಾಜ್ಯ ತೀರಿಸುವ ಜಾಣ ಒಬ್ಬನೂ ನಿಮ್ಮಲ್ಲಿ ಇಲ್ವಾ ಅಂತ. ಅಂದರೆ ವ್ಯಾಜ್ಯವನ್ನು ಮುಚ್ಚಿಹಾಕಿ ಅಂತಲ್ಲ, ಕೂತು ತೀರ್ಮಾನ ಮಾಡಿ ಅಂತ. ಏಳನೆಯದರಲ್ಲಿ ಅನ್ಯಾಯ ಯಾಕೆ ಸಹಿಸಬಾರದು ಅಂತಾನೆ, ಹೌದು. ಎಂಟನೆಯದರಲ್ಲಿ? ನೀವೇ ಅನ್ಯಾಯ ಮಾಡುತ್ತೀರಿ, ನೀವೇ ಮೋಸ ಮಾಡುತ್ತೀರಿ, ಅದೂ ಸಹೋದರರಿಗೆ ಅಂತ ಗದರುತ್ತಾನೆ. ಆ ಗದರಿಕೆ ಸಾಲ ತೆಗೆದುಕೊಂಡವರ ಕಿವಿಗೆ ಬಿತ್ತಾ?

ಆಮೇಲಿನ ಸಭೆಗಳು ಈ ಮಾತನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡವು ನೋಡಿ. 3ನೇ ಶತಮಾನದ ಸಿರಿಯಾದಲ್ಲಿ ಸಭೆಯ ನಿಯಮಗಳ ಒಂದು ಪುಸ್ತಕ ಇತ್ತು, ದಿದಸ್ಕಾಲಿಯ ಅಂತ. ವ್ಯಾಜ್ಯದ ವಿಚಾರಣೆಯನ್ನು ಸೋಮವಾರ ಇಟ್ಟುಕೊಳ್ಳಿ, ಭಾನುವಾರದ ಆರಾಧನೆಗೆ ಮುಂಚೆ ಇಬ್ಬರನ್ನೂ ರಾಜಿ ಮಾಡಿಸಲು ಸಮಯ ಸಿಗುತ್ತದೆ ಅನ್ನುತ್ತದೆ ಅದು. ಒಬ್ಬರ ಮಾತು ಮಾತ್ರ ಕೇಳಿ ತೀರ್ಪು ಕೊಡಬೇಡಿ, ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಅಂತಲೂ ಇದೆ. ಮುಂದೆ ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದ ಅಗಸ್ಟೀನ್ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ, ಕೆಲವು ದಿನ ಉಪವಾಸವೇ ಕೂತು ಜನರ ಜಗಳ ಕೇಳುತ್ತಿದ್ದರಂತೆ. ಕೋರ್ಟ್ ಬೇಡ ಅಂದವರು ಆ ಕೆಲಸವನ್ನು ತಮ್ಮ ಹೆಗಲಿಗೇ ಹಾಕಿಕೊಂಡಿದ್ದರು.

ಇನ್ನೊಂದು ಮಾತು. ಪೌಲ ಇವನ್ನು ಸಣ್ಣಪುಟ್ಟ ವಿಷಯಗಳು ಅಂತಲೇ ಕರೆದಿದ್ದಾನೆ. ಹೆಂಡತಿಗೆ ಹೊಡೆಯುವುದು, ಮಕ್ಕಳ ಮೈ ಮುಟ್ಟುವುದು ಸಣ್ಣ ವಿಷಯ ಅಲ್ಲ. ಅಂಥದ್ದಕ್ಕೆ ಈ ವಚನ ಹಿಡಿದು ಬಾಯಿ ಮುಚ್ಚಿಸುವವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಅದು ಪೊಲೀಸ್ ಸ್ಟೇಷನ್ನಿಗೆ ಹೋಗಬೇಕಾದ ವಿಷಯ, ಅದೂ ಆ ದಿನವೇ.

ಆ ಮನುಷ್ಯನನ್ನು ಕರೆದು ನಿಮ್ಮ ಎದುರಿಗೆ ಒಂದು ಸಲವಾದರೂ ಕೂರಿಸಿದರಾ ಅಂತ ಅಕ್ಕನನ್ನು ಕೇಳಿದೆ. ಇಲ್ಲ ಅಂದರು. ಬರುವ ಸೋಮವಾರ ಹಿರಿಯರ ಮನೆಗೆ ಅವರ ಜೊತೆ ನಾನೂ ಹೋಗುತ್ತಿದ್ದೇನೆ.